ಕಡಿತವಲ್ಲ, ಪ್ರತಿ ಮಗುವಿಗೂ ಸಮಪಾಲು

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳಲ್ಲಿ ಪಗಾರದ ನೌಕರಿಯಲ್ಲಿರುವ ತಾಯಿ-ತಂದೆಯರಿಗೆ ಒಂದು ಬಹಿರಂಗ ಪತ್ರ



ಬಜೆಟ್ ಸಮೀಪಿಸಿದಾಗಲೆಲ್ಲ ನೌಕರ ವರ್ಗದಿಂದ ಒಂದು ಬೇಡಿಕೆ ಏಳುತ್ತದೆ: ಮಕ್ಕಳ ಶಿಕ್ಷಣದ ಖರ್ಚಿಗೆ ಆದಾಯ ತೆರಿಗೆಯಲ್ಲಿ ಇನ್ನಷ್ಟು ಕಡಿತ ಕೊಡಿ. ಜಿಲ್ಲಾ ಪರಿಷದ್ ಶಾಲೆ, ಕಾಲೇಜು, ಬ್ಯಾಂಕು, ಅಂಚೆ, ಎಸ್‌ಟಿ ಡಿಪೊ, ತಹಸೀಲ ಕಚೇರಿಗಳಲ್ಲಿ ದುಡಿಯುವ ನಿಮ್ಮ ಮಾತಿಗೆ ಈ ಮೂರು ತಾಲ್ಲೂಕುಗಳಲ್ಲಿ ತೂಕವಿದೆ. ನಿಮಗೆ ಸಂಘಟನೆಗಳಿವೆ, ಅಧಿವೇಶನಗಳಿವೆ, ಕಾಯ್ದೆ ಓದಿ ಮನವಿ ಬರೆಯಬಲ್ಲವರಿದ್ದಾರೆ. ಅದಕ್ಕೇ ಈ ಪತ್ರ ನಿಮಗೆ. ಮಕ್ಕಳನ್ನು ಬೆಳೆಸುವ ಭಾರದಲ್ಲಿ ಸರಕಾರ ತೆರಿಗೆಯ ಮೂಲಕ ಹೆಗಲು ಕೊಡಬೇಕು ಎಂಬ ನಿಮ್ಮ ಮೂಲ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದನ್ನು ಕೇಳುವ ಬಗೆ ಬದಲಾಗಬೇಕು. ಆದಾಯದಲ್ಲಿ ಕಳೆಯುವ ಕಡಿತವನ್ನು ಬಿಟ್ಟು, ಪ್ರತಿ ಮಗುವಿಗೆ ಇಷ್ಟು ರೂಪಾಯಿ ಎಂದು ಗೊತ್ತುಪಡಿಸಿದ ಒಂದೇ ಮೊತ್ತವನ್ನು ಕೇಳಿ. ತೆರಿಗೆ ಕಟ್ಟುವವರಿಗೆ ಅದು ತೆರಿಗೆಯಲ್ಲಿ ವಜಾ ಆಗಲಿ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರಿಗೆ ತಾಯಿಯ ಖಾತೆಗೆ ಜಮಾ ಆಗಲಿ.

ನಿಮ್ಮ ದೂರು ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಬೇಕು. ಸಮಾನ ಪಗಾರದ ಇಬ್ಬರಲ್ಲಿ ಒಬ್ಬರಿಗೆ ಮಕ್ಕಳಿಲ್ಲ, ಇನ್ನೊಬ್ಬರಿಗೆ ಇಬ್ಬರು ಮಕ್ಕಳಿದ್ದಾರೆ ಎಂದರೆ ಅವರ ತೆರಿಗೆ ಕಟ್ಟುವ ಶಕ್ತಿ ಒಂದೇ ಅಲ್ಲ. ಇದನ್ನು ನಮ್ಮ ತೆರಿಗೆ ವ್ಯವಸ್ಥೆ ಕಂಡೂ ಕಾಣದಂತೆ ನಡೆದುಕೊಂಡು ಬಂದಿದೆ. ಮಕ್ಕಳ ಶಿಕ್ಷಣ ಭತ್ಯೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ, ವಸತಿಗೃಹದ ಭತ್ಯೆಯಲ್ಲಿ 300 ರೂಪಾಯಿ ಮಾತ್ರ ತೆರಿಗೆಯಿಂದ ಮುಕ್ತ ಎಂಬ ಲೆಕ್ಕವನ್ನು ಅದು ದಶಕಗಳ ಕಾಲ ಹಾಗೇ ಇಟ್ಟುಕೊಂಡಿತ್ತು. 80ಸಿ ಕಲಮಿನಲ್ಲಿ ಶಾಲೆಯ ಬೋಧನಾ ಶುಲ್ಕಕ್ಕೆ ಜಾಗವಿತ್ತು, ಆದರೆ ಭವಿಷ್ಯ ನಿಧಿ, ವಿಮೆ, ಮನೆ ಸಾಲದ ಅಸಲು ಎಲ್ಲವನ್ನೂ ಅದೇ ಒಂದೂವರೆ ಲಕ್ಷದೊಳಗೆ ತುರುಕಬೇಕಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ. 2025ರ ಬಜೆಟ್ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡಿತು, ಅದು ದೊಡ್ಡ ನಿರಾಳವೇ. ಆದರೆ ಆ ಗೆರೆ ದಾಟಿದವರ ಲೆಕ್ಕದಲ್ಲಿ ಮನೆಯಲ್ಲಿ ಮಗುವಿದೆಯೋ ಇಲ್ಲವೋ ಎಂದು ಕೇಳುವ ಒಂದು ಕಾಲಮ್ಮೂ ಉಳಿಯಲಿಲ್ಲ. ಇತ್ತ ಲಾತೂರ ಪ್ಯಾಟರ್ನ್ ಎಂದು ದೇಶಕ್ಕೆ ಹೆಸರಾದ ಓದಿನ ದಾರಿಗೆ ಮಗನನ್ನೋ ಮಗಳನ್ನೋ ಹಚ್ಚಿದರೆ ಖಾಸಗಿ ಕ್ಲಾಸಿನ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಒಂದು ಲಕ್ಷ ಶುಲ್ಕಕ್ಕೆ 18,000 ತೆರಿಗೆ. ಶಾಲೆಯ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಆ ಶಾಲೆಯ ಕೊರತೆ ತುಂಬುವ ಕ್ಲಾಸಿಗೆ ಉಂಟು.

ಆದರೂ ಕಡಿತ ಈ ರೋಗಕ್ಕೆ ಮದ್ದಲ್ಲ. ಹಳೆಯ ಪದ್ಧತಿಯ ಒಂದು ಲೆಕ್ಕ ನೋಡಿ. ಮೂರು ಮನೆಗಳಲ್ಲಿ ಒಂದೊಂದು ಮಗುವಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಕಟ್ಟುತ್ತಾರೆ ಎಂದುಕೊಳ್ಳೋಣ. ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ 18,720 ರೂಪಾಯಿ ಉಳಿಯುತ್ತದೆ. ಶೇ. 20ರ ಹಂತದವರಿಗೆ 12,480. ಐದು ಲಕ್ಷದೊಳಗೆ ದುಡಿಯುವವರಿಗೆ ಮೊದಲೇ ತೆರಿಗೆ ಇಲ್ಲದ್ದರಿಂದ ಉಳಿಯುವುದು ಸೊನ್ನೆ. ಮಗು ಒಂದೇ, ಶುಲ್ಕ ಒಂದೇ, ಸರಕಾರದ ನೆರವು ಮಾತ್ರ ಆದಾಯ ಏರಿದಂತೆ ಏರುತ್ತದೆ. ಈ ಮೂರೂ ಮನೆಗಳ ಆಚೆ ಇನ್ನೊಂದು ದೊಡ್ಡ ಸಮೂಹವಿದೆ. ಸೋಯಾ, ತೊಗರಿ ಬೆಳೆಯುವ ರೈತರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಅದರಲ್ಲಿ ಕೊಡುವ ಯಾವ ರಿಯಾಯಿತಿಯೂ ಅವರನ್ನು ತಲುಪದು. ಉದಗೀರಿನ ದಾಲ್ ಮಿಲ್ಲುಗಳಲ್ಲಿ ದುಡಿಯುವವರು, ಉಮರ್ಗಾದ ಹೆದ್ದಾರಿ ಬದಿಯ ಧಾಬಾ, ಗ್ಯಾರೇಜುಗಳ ಆಳುಗಳು, ತಾಂಡಾಗಳ ಕೂಲಿ ಕುಟುಂಬಗಳು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಶಿಕ್ಷಕರೇ, ನೀವು ಹಾಜರಿ ಕರೆಯುವ ವರ್ಗದಲ್ಲಿ ಕೂತಿರುವವರು ಬಹುಪಾಲು ಈ ಮನೆಗಳ ಮಕ್ಕಳು. ನಿಮ್ಮ ಸಂಘಟನೆಯ ಮನವಿಯಲ್ಲಿ ಅವರಿಗೆ ಜಾಗವಿರದಿದ್ದರೆ ಅದು ಅರ್ಧ ಮನವಿ.

‘ತೆರಿಗೆ ಕಟ್ಟುವವರು ನಾವು, ಕಟ್ಟದವರಿಗೆ ಮರಳಿಸುವುದು ಹೇಗೆ ನ್ಯಾಯ?’ ಎಂಬುದು ನಿಮ್ಮಲ್ಲಿ ಹಲವರು ಎತ್ತುವ ಪ್ರಶ್ನೆ. ಫಾರ್ಮ್ 16 ಕೈಗೆ ಬಂದಾಗ ಸಂಕಟವಾಗುವುದು ಸಹಜ. ಅಲ್ಲಿ ತೆರಿಗೆ ಅಂಕಿಯಾಗಿ ಕಣ್ಣಿಗೆ ಬೀಳುತ್ತದೆ. ಆದರೆ 2017ರ ಜುಲೈ 1ರಿಂದ ಈ ದೇಶದಲ್ಲಿ ಸೋಪು ಕೊಂಡವರೆಲ್ಲ ಜಿಎಸ್‌ಟಿ ಕಟ್ಟುತ್ತಿದ್ದಾರೆ. ಒಂದು ಬಡ ಮನೆ ತಿಂಗಳಿಗೆ ಬಟ್ಟೆ, ಚಪ್ಪಲಿ, ಸೋಪು, ಎಣ್ಣೆ, ಬಿಸ್ಕತ್ತು, ಔಷಧ ಎಂದು ಶೇ. 5ರ ಪಟ್ಟಿಯ ಸಾಮಾನಿಗೆ 3,000 ರೂಪಾಯಿಯನ್ನೂ, ಮೊಬೈಲ್ ರೀಚಾರ್ಜ್, ಪ್ಲಾಸ್ಟಿಕ್ ಪಾಟೀಚೀಲದಂಥ ಶೇ. 18ರ ಪಟ್ಟಿಯದಕ್ಕೆ 1,000 ರೂಪಾಯಿಯನ್ನೂ ಖರ್ಚು ಮಾಡುತ್ತದೆ ಎಂದು ಊಹಿಸಿ ಲೆಕ್ಕ ಹಾಕಿ. ತೆರಿಗೆ ತಿಂಗಳಿಗೆ 330, ವರ್ಷಕ್ಕೆ ಸುಮಾರು 4,000 ರೂಪಾಯಿ. ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆ ಬೇರೆ. ಅದು ಬಾಡಿಗೆಯಲ್ಲೂ ತರಕಾರಿಯ ದರದಲ್ಲೂ ಸೇರಿಕೊಂಡು ಬರುತ್ತದೆ. ಮಕ್ಕಳು ಹೆಚ್ಚಾದಂತೆ ಸಂತೆಯ ಚೀಲ ದೊಡ್ಡದಾಗುತ್ತದೆ, ಜೊತೆಗೆ ಈ ತೆರಿಗೆಯೂ. ಉಳಿತಾಯವಿಲ್ಲದ ಮನೆ ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದರಿಂದ, ಆದಾಯದ ಪ್ರಮಾಣದಲ್ಲಿ ನೋಡಿದರೆ ಆ ಮನೆಯ ಮೇಲೆ ಇದರ ಭಾರ ನಿಮಗಿಂತ ಹೆಚ್ಚು. ಹಾಗಾಗಿ ನಾನು ಹೇಳುತ್ತಿರುವುದು ದಾನದ ಮಾತಲ್ಲ. ಮಗುವಿನ ಹೆಸರಲ್ಲಿ ಈಗಾಗಲೇ ವಸೂಲಾದದ್ದರಲ್ಲಿ ಒಂದು ಭಾಗವನ್ನು ಆ ಮಗುವಿಗೆ ಮರಳಿಸುವ ಮಾತು. ಕೆನಡಾ 1991ರಲ್ಲಿ ತನ್ನ ಜಿಎಸ್‌ಟಿ ತಂದಾಗಲೇ ಕಡಿಮೆ ಆದಾಯದ ಮನೆಗಳಿಗೆ ಮೂರು ತಿಂಗಳಿಗೊಮ್ಮೆ ಹಣ ಮರಳಿಸುವ ಏರ್ಪಾಡನ್ನೂ ಜೋಡಿಸಿತು, ಅದರಲ್ಲಿ ಪ್ರತಿ ಮಗುವಿಗೂ ಇಷ್ಟು ಎಂದು ಲೆಕ್ಕವಿತ್ತು. ನಾವು ತೆರಿಗೆಯನ್ನು ತಂದೆವು, ಮರಳಿಕೆಯನ್ನು ತರಲಿಲ್ಲ.

ದರವನ್ನೇ ಇಳಿಸಿದ್ದಾರಲ್ಲ ಎನ್ನಬಹುದು. ಹೌದು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರ್, ನಕಾಶೆಗಳ ಮೇಲಿನ ತೆರಿಗೆ ಪೂರ್ತಿ ಹೋಯಿತು. ಕೂಸಿನ ಹಾಲಿನ ಬಾಟಲಿ, ಡೈಪರ್, ಕಂಪಾಸ್ ಪೆಟ್ಟಿಗೆ, ಸೈಕಲ್ಲುಗಳದ್ದು ಶೇ. 12ರಿಂದ 5ಕ್ಕೆ ಇಳಿಯಿತು. ಮಕ್ಕಳಿರುವ ಮನೆಗೆ ಇದು ಒಳ್ಳೆಯದೇ. ಆದರೆ ದರ ಇಳಿಸುವುದರ ಮಿತಿಯನ್ನೂ ನೋಡಬೇಕು. ಹತ್ತು ನೋಟ್‌ಬುಕ್ಕು ಕೊಳ್ಳುವವರಿಗೆ ಹತ್ತರ ಲಾಭ, ಎರಡು ಕೊಳ್ಳುವವರಿಗೆ ಎರಡರದು. ಇಳಿದ ತೆರಿಗೆಯನ್ನು ಅಂಗಡಿಕಾರರೋ ಕಂಪನಿಯೋ ಬೆಲೆಯಲ್ಲಿ ಇಳಿಸದೆ ತಮ್ಮಲ್ಲೇ ಉಳಿಸಿಕೊಂಡರೆ ಗಿರಾಕಿ ದೂರು ಕೊಡಲು ಇದ್ದ ಲಾಭಕೋರತನ ವಿರೋಧಿ ವ್ಯವಸ್ಥೆ 2025ರ ಏಪ್ರಿಲ್ 1ರಿಂದ ಹೊಸ ದೂರುಗಳಿಗೆ ಮುಚ್ಚಿಹೋಗಿದೆ. ತೆರಿಗೆ ಪೂರ್ತಿ ತೆಗೆದ ವಸ್ತುವಿನಲ್ಲಿ ತಯಾರಕರಿಗೆ ಕಚ್ಚಾ ಮಾಲಿನ ತೆರಿಗೆ ಮರಳಿ ಸಿಗುವುದಿಲ್ಲವಾದ್ದರಿಂದ ಬೆಲೆ ಅಷ್ಟೂ ಇಳಿಯುವುದೂ ಇಲ್ಲ. ತಾಯಿಯ ಖಾತೆಗೆ ನೇರವಾಗಿ ಬಂದ ಹಣ ದಾರಿಯಲ್ಲಿ ಯಾರ ಕೈಯಲ್ಲೂ ಸವೆಯದು.

ತಾಯಿಯ ಖಾತೆ ಎಂದು ಒತ್ತಿ ಹೇಳಲು ನಮ್ಮ ನೆಲದಲ್ಲೇ ಕಾರಣವಿದೆ. ಕಬ್ಬು ಕಡಿಯಲು ಮರಾಠವಾಡದಿಂದ ಹೊರಡುವ ಕುಟುಂಬಗಳಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೋಯತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಮುಕಾದಮ ಕೊಡುವ ಉಚಲ (ಮುಂಗಡ) ಆ ಜೋಡಿಗೆ, ಕೂಲಿಯ ಲೆಕ್ಕ ಆ ಜೋಡಿಗೆ. ಹೆಣ್ಣುಮಗಳು ನಸುಕಿನಿಂದ ಕಡಿದು, ಮೋಳಿ ಕಟ್ಟಿ, ಹೊತ್ತು ಹಾಕಿದರೂ ಅವಳ ಹೆಸರಲ್ಲಿ ಪ್ರತ್ಯೇಕವಾಗಿ ಒಂದು ರೂಪಾಯಿಯೂ ಬರೆಯಲ್ಪಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಹೊರಟು ಬೇಸಿಗೆಗೆ ಮರಳುವ ಈ ಮನೆಗಳ ಮಕ್ಕಳು ಅರ್ಧ ವರ್ಷ ಶಾಲೆ ಕಳೆದುಕೊಳ್ಳುತ್ತಾರೆ. ಅವರಿಗಾಗಿ ರಾಜ್ಯ ಏನೂ ಮಾಡಿಲ್ಲವೆಂದಲ್ಲ: ಕಬ್ಬಿನ ಟನ್ನಿಗೆ 10 ರೂಪಾಯಿಯಂತೆ ಕಾರ್ಖಾನೆಗಳಿಂದ ಪಡೆದು ಕಬ್ಬು ಕಡಿಯುವವರ ಮಹಾಮಂಡಳಕ್ಕೆ ಕೊಡುವ ಏರ್ಪಾಡು ಮಾಡಿದೆ, ಸಂತ ಭಗವಾನಬಾಬಾ ಹೆಸರಿನ ವಸತಿಗೃಹಗಳ ಯೋಜನೆ ತಂದಿದೆ. ಟನ್ನಿನ ಮೇಲಿನ ಆ ಹತ್ತು ರೂಪಾಯಿ, ಮಗುವಿನ ಪಾಲನ್ನು ಒಂದು ವಸೂಲಿಗೆ ಕಟ್ಟಿಹಾಕಬಹುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ. ಇನ್ನು ಗಡಿಯ ಮಾತು. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಇಂದಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳ ಜೊತೆ ನಡೆದೇ ಇದೆ. ಒಂದೇ ಮನೆಯ ಅಕ್ಕ ಬೀದರದಲ್ಲಿದ್ದರೆ ಅವಳಿಗೆ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000, ಉದಗೀರಕ್ಕೆ ಕೊಟ್ಟ ತಂಗಿಗೆ ಮಹಾರಾಷ್ಟ್ರದ ಲಾಡಕಿ ಬಹೀಣ ಯೋಜನೆಯಿಂದ 1,500. ಜಿಎಸ್‌ಟಿಯ ದರ ಮಾತ್ರ ಇಬ್ಬರಿಗೂ ಒಂದೇ. ಉಮರ್ಗಾದ ಕುಟುಂಬ ಕರ್ನಾಟಕದ ಕಾರ್ಖಾನೆಯ ಕಬ್ಬಿಗೆ ಹೋಗಿ ಆರು ತಿಂಗಳು ಅಲ್ಲೇ ಸಂತೆ ಮಾಡಿದರೆ ರಾಜ್ಯದ ಪಾಲಿನ ಜಿಎಸ್‌ಟಿ ಕರ್ನಾಟಕಕ್ಕೆ ಸೇರುತ್ತದೆ, ಕರ್ನಾಟಕದ ಯೋಜನೆ ಅವರಿಗೆ ಸೇರುವುದಿಲ್ಲ. ತೆರಿಗೆ ಗಡಿ ದಾಟುತ್ತದೆ ಎಂದ ಮೇಲೆ ಮರಳಿಕೆಯೂ ದಾಟಬೇಕು. ಆದ್ದರಿಂದ ಇದನ್ನು ಒಂದು ರಾಜ್ಯದ ಯೋಜನೆಯಾಗಿ ಕೇಳದೆ ಕೇಂದ್ರದ ಕಾಯ್ದೆಯಾಗಿ, ಜಿಎಸ್‌ಟಿ ಮಂಡಳಿಯ ಮುಂದಿನ ವಿಷಯವಾಗಿ ಕೇಳಬೇಕು.

ಪಗಾರದವರ ತೆರಿಗೆಯಿಂದ ಕೂಲಿಯವರ ಬದುಕಿಗೆ ಆಧಾರ ಕೊಡುವುದು ಮಹಾರಾಷ್ಟ್ರಕ್ಕೆ ಹೊಸತಲ್ಲ. ನಿಮ್ಮ ಪಗಾರದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ಎಂದು ಮುರಿದುಕೊಳ್ಳುವ ವೃತ್ತಿ ತೆರಿಗೆಯ ಮೂಲ 1972ರ ಬರದಲ್ಲಿದೆ. ಮರಾಠವಾಡ ಸುಟ್ಟುಹೋದ ಆ ದಿನಗಳಲ್ಲಿ ಬೆಳೆದು ಬಂದ ಉದ್ಯೋಗ ಖಾತ್ರಿ ಯೋಜನೆಗೆ ವಿ. ಸ. ಪಾಗೆ ರೂಪ ಕೊಟ್ಟರು. ಅದಕ್ಕೆ ಹಣ ಹೊಂದಿಸಲು 1975ರಲ್ಲಿ ವೃತ್ತಿ ತೆರಿಗೆಯ ಕಾಯ್ದೆ ಬಂತು. ಮುಂಬಯಿಯ ಕಾರಕೂನರೂ ಲಾತೂರಿನ ಶಿಕ್ಷಕರೂ ಕಟ್ಟಿದ ಹಣದಿಂದ ಹಳ್ಳಿಯಲ್ಲಿ ಕಲ್ಲು ಒಡೆದವರಿಗೆ ಕೂಲಿ ಸಿಕ್ಕಿತು. 1977ರ ಕಾಯ್ದೆ ಕೆಲಸವನ್ನು ಹಕ್ಕಾಗಿಸಿತು, 2005ರ ಕೇಂದ್ರದ ಕಾಯ್ದೆಗೆ ಅದೇ ಮಾದರಿಯಾಯಿತು. ನಿಮ್ಮ ಊರಿನ ನಗರ ಪರಿಷತ್ತಿನ ಮನೆಪಟ್ಟಿಯಲ್ಲಿ ಶಿಕ್ಷಣ ಕರ, ರೋಜಗಾರ ಹಮೀ ಕರ ಎಂಬ ಸಾಲುಗಳಿರುವುದೂ ಇದೇ ಪರಂಪರೆಯಿಂದ. ಆ ಶಿಕ್ಷಣ ಕರಕ್ಕೆ 1962ರ ಕಾಯ್ದೆಯ ಆಧಾರವಿದೆ. ಇನ್ನೂ ಹತ್ತಿರದ ಉದಾಹರಣೆ ವೃತ್ತಿ ತೆರಿಗೆಯ ಕಾಯ್ದೆಯೊಳಗೇ ಇದೆ: ಅಂಗವಿಕಲ ಅಥವಾ ಬುದ್ಧಿಮಾಂದ್ಯ ಮಗುವಿನ ತಾಯಿ-ತಂದೆಗೆ ಆ ತೆರಿಗೆಯಿಂದ ವಿನಾಯಿತಿ. ಮಗುವಿನ ಪಾಲನೆಗೆ ಖರ್ಚಿದೆ, ಆ ಖರ್ಚನ್ನು ತೆರಿಗೆ ಗಮನಿಸಬೇಕು ಎಂಬುದನ್ನು ರಾಜ್ಯ ಬರಹದಲ್ಲಿ ಒಪ್ಪಿಕೊಂಡಿದೆ ಎಂದಾಯಿತು. ಆದರೆ ಅಲ್ಲಿಯೂ ಅದೇ ಹಳೆಯ ಕೊರತೆ. ಪಗಾರದ ಚೀಟಿ ಇರುವವರಿಗೆ ವರ್ಷಕ್ಕೆ 2,500 ರೂಪಾಯಿ ಉಳಿಯುತ್ತದೆ. ಕೂಲಿಯವರ ಮನೆಯ ಅಂಥದೇ ಮಗುವಿಗೆ ಆ ಕಲಮಿನಿಂದ ಏನೂ ಇಲ್ಲ.

ಬ್ರಿಟನ್ ಈ ಪಾಠ ಕಲಿಯಲು ಬಹಳ ಕಾಲ ತೆಗೆದುಕೊಂಡಿತು. 1909ರಲ್ಲಿ ಅಲ್ಲಿ ಮಕ್ಕಳಿಗಾಗಿ ಆದಾಯ ತೆರಿಗೆಯಲ್ಲಿ ಕಡಿತ ಕೊಟ್ಟರು. ತೆರಿಗೆಯೇ ಕಟ್ಟದ ಬಡವರಿಗೆ ಅದು ತಲುಪಲಿಲ್ಲ, ತಲುಪಿದ್ದೂ ತಂದೆಯ ಪಗಾರದಲ್ಲಿ ಸೇರಿಹೋಯಿತು. ಸಂಸದೆ ಎಲಿನಾರ್ ರಾಥ್‌ಬೋನ್ ದಶಕಗಳ ಕಾಲ ಹೋರಾಡಿದ ಮೇಲೆ 1945ರಲ್ಲಿ ಕುಟುಂಬ ಭತ್ಯೆಯ ಕಾಯ್ದೆ ಬಂತು, ಹಣ ತಾಯಿಯ ಕೈಗೆ ಹೋಗಬೇಕು ಎಂಬುದನ್ನೂ ಅವರು ಸಂಸತ್ತಿನಲ್ಲಿ ಗೆದ್ದುಕೊಂಡರು. ಕೊನೆಗೆ 1977ರಿಂದ ಹಂತಹಂತವಾಗಿ ತೆರಿಗೆ ಕಡಿತವನ್ನೂ ಭತ್ಯೆಯನ್ನೂ ಒಂದು ಮಾಡಿ, ಮೊದಲ ಮಗುವಿನಿಂದಲೇ ಪ್ರತಿ ಮಗುವಿಗೂ ಒಂದು ಮೊತ್ತ ಕೊಡತೊಡಗಿದರು. ಅಮೆರಿಕ 2021ರಲ್ಲಿ ಒಂದು ವರ್ಷದ ಮಟ್ಟಿಗೆ ಮಕ್ಕಳ ತೆರಿಗೆ ರಿಯಾಯಿತಿಯನ್ನು ತೆರಿಗೆ ಕಟ್ಟದವರಿಗೂ ಪೂರ್ತಿ ನಗದಾಗಿ ಕೊಟ್ಟಿತು. ಅಲ್ಲಿನ ಪೂರಕ ಬಡತನ ಅಳತೆಯ ಪ್ರಕಾರ ಮಕ್ಕಳ ಬಡತನ ಆ ವರ್ಷ ಶೇ. 5.2ಕ್ಕೆ ಇಳಿಯಿತು; ಮರುವರ್ಷ ಅದನ್ನು ನಿಲ್ಲಿಸಿದಾಗ ಶೇ. 12.4ಕ್ಕೆ ಏರಿತು. ಕೋವಿಡ್ ಕಾಲದ ಬೇರೆ ನೆರವುಗಳೂ ಆಗ ನಿಂತಿದ್ದವು ನಿಜ. ಆದರೂ ಅಷ್ಟು ಬೇಗ ಇಳಿದು ಅಷ್ಟು ಬೇಗ ಏರಿದ್ದರಲ್ಲಿ ಈ ಹಣದ ಪಾತ್ರ ದೊಡ್ಡದು.

ಹಣ ಎಲ್ಲಿಂದ ಎಂದು ಕೇಳಬೇಕು, ಕೇಳದಿದ್ದರೆ ಈ ಪತ್ರಕ್ಕೆ ಬೆಲೆಯಿಲ್ಲ. 2011ರ ಜನಗಣತಿಯಲ್ಲಿ ದೇಶದ ಆರು ವರ್ಷದವರೆಗಿನ ಮಕ್ಕಳು ಸುಮಾರು 16.45 ಕೋಟಿ. ಅಷ್ಟೂ ಮಕ್ಕಳಿಗೆ ತಿಂಗಳಿಗೆ 500 ರೂಪಾಯಿ ಕೊಟ್ಟರೆ ವರ್ಷಕ್ಕೆ 98,700 ಕೋಟಿ ಆಗುತ್ತದೆ. 2025ರ ಬಜೆಟ್ಟಿನಲ್ಲಿ 12 ಲಕ್ಷದ ವಿನಾಯಿತಿಗಾಗಿ ಬಿಟ್ಟುಕೊಟ್ಟ ನೇರ ತೆರಿಗೆ ಸುಮಾರು ಒಂದು ಲಕ್ಷ ಕೋಟಿ ಎಂದು ಸರಕಾರವೇ ಹೇಳಿತು. ಒಂದು ವರ್ಗದ ನಿರಾಳಕ್ಕೆ ಸಿಕ್ಕಷ್ಟು ಹಣ ದೇಶದ ಎಲ್ಲ ಚಿಕ್ಕ ಮಕ್ಕಳಿಗೂ ಸಾಕಾಗುತ್ತಿತ್ತು. ನಿಮಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ, ಹಣವಿಲ್ಲ ಎಂಬ ಉತ್ತರ ಪೂರ್ತಿ ಸತ್ಯವಲ್ಲ ಎನ್ನುತ್ತಿದ್ದೇನೆ. ಜನಸಂಖ್ಯೆ ಹೆಚ್ಚುತ್ತದೆ ಎಂಬ ಆತಂಕಕ್ಕೆ ಉತ್ತರ ಚಿಕ್ಕದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಒಟ್ಟು ಫಲವತ್ತತೆ ದರ 1.7, ಕರ್ನಾಟಕದ್ದೂ ಅಷ್ಟೇ. ಎರಡೂ ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಕೆಳಗೆ. ತಿಂಗಳಿಗೆ ಐದುನೂರು ಬರುತ್ತದೆ ಎಂದು ಯಾರೂ ಮಗುವನ್ನು ಹೆರುವುದಿಲ್ಲ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನಿದ್ದೆ ಕೆಡಿಸಬೇಕಾದದ್ದು: ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.2ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹುಟ್ಟಿದವರನ್ನೇ ನಾವು ಸರಿಯಾಗಿ ಬೆಳೆಸುತ್ತಿಲ್ಲ.

ಲಾಡಕಿ ಬಹೀಣ ಇರುವಾಗ ಇನ್ನೊಂದು ಏಕೆ ಎಂಬ ಮಾತೂ ಬರುತ್ತದೆ. 2024ರ ಜುಲೈಯಿಂದ ಬಂದ ಆ 1,500 ರೂಪಾಯಿ ಹೆಣ್ಣುಮಕ್ಕಳ ಕೈಗೆ ಬಲ ಕೊಟ್ಟಿದೆ, ನಾನು ಅದರ ವಿರೋಧಿಯಲ್ಲ. ಆದರೆ ಮಕ್ಕಳಿಲ್ಲದವಳಿಗೂ ಮೂವರು ಮಕ್ಕಳಿರುವವಳಿಗೂ ಅದು ಒಂದೇ. ಮನೆಯಲ್ಲಿ ಒಬ್ಬರು ಆದಾಯ ತೆರಿಗೆ ಕಟ್ಟಿದರೆ ಅದು ಇಲ್ಲ. ಸರಕಾರಿ ನಿರ್ಣಯದ ಒಂದು ಹಾಳೆಯಿಂದ ಅದರ ಶರತ್ತು ಬದಲಾಗಬಹುದು. ಹೆಣ್ಣುಮಗುವಿಗಾಗಿ ಇರುವ ಲೇಕ ಲಾಡಕಿ ಯೋಜನೆಯ ಒಟ್ಟು 1,01,000 ರೂಪಾಯಿಯಲ್ಲಿ 75,000 ಸಿಗುವುದು ಮಗಳಿಗೆ ಹದಿನೆಂಟು ತುಂಬಿದ ಮೇಲೆ. ಕೂಸಿಗೆ ಹಾಲು ಬೇಕಾದ ವಯಸ್ಸಿನಲ್ಲಿ ಅದು ದೂರದ ಮಾತು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು: ನಗದು ಕೊಡುವ ಬದಲು ಅಂಗನವಾಡಿ, ಶಾಲೆಗಳನ್ನು ಸರಿಪಡಿಸಿ ಎಂಬುದು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನು ಅಂಗನವಾಡಿಯನ್ನೇ ಆರಿಸುತ್ತೇನೆ. ಅಲ್ಲಿ ಒಂದು ಮಗುವಿನ ಪೂರಕ ಆಹಾರಕ್ಕೆ 2017ರಲ್ಲಿ ಕೇಂದ್ರ ನಿಗದಿ ಮಾಡಿದ ದರ ದಿನಕ್ಕೆ 8 ರೂಪಾಯಿ. ಅದನ್ನು ಏರಿಸದೆ ಖಾತೆಗೆ ಹಣ ಹಾಕಿ ಕೈತೊಳೆದುಕೊಂಡರೆ ಅದು ಮೋಸ. ಆದರೆ ಅಂಗನವಾಡಿ ಕೊಡಲಾರದ್ದು ಬಹಳವಿದೆ: ರಾತ್ರಿಯ ಜ್ವರಕ್ಕೆ ಔಷಧ, ಮಳೆಗಾಲಕ್ಕೆ ಚಪ್ಪಲಿ, ಕಬ್ಬಿನ ಗದ್ದೆಯ ಕೊಪ್ಪಿಯಲ್ಲಿ ಕಳೆಯುವ ಆರು ತಿಂಗಳ ಹಾಲು.

ಹಾಗಾಗಿ ನಿಮ್ಮ ಸಂಘಟನೆಗಳ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿ. ಅದರಲ್ಲಿ ಇಷ್ಟು ಇರಲಿ: ಆರು ವರ್ಷದವರೆಗಿನ ಪ್ರತಿ ಮಗುವಿಗೆ ಮೊದಲ ಹಂತದಲ್ಲಿ ತಿಂಗಳಿಗೆ 500 ರೂಪಾಯಿ, ಮುಂದೆ ಹದಿನಾಲ್ಕರವರೆಗೆ, ಬೆಲೆ ಏರಿದಂತೆ ತಾನಾಗಿ ಏರುವ ಮೊತ್ತ, ತೆರಿಗೆ ಕಟ್ಟುವ ತಾಯಿ-ತಂದೆಗೆ ತೆರಿಗೆಯಲ್ಲಿ ವಜಾ, ಉಳಿದವರಿಗೆ ತಾಯಿಯ ಖಾತೆಗೆ ಜಮಾ, ತಾಯಿ ಇಲ್ಲದಲ್ಲಿ ಮಗುವನ್ನು ಸಾಕುತ್ತಿರುವವರಿಗೆ, ಯಾವ ರಾಜ್ಯದಲ್ಲಿದ್ದರೂ ನಿಲ್ಲದಂತೆ, ಕ್ಲಾಸಿನ ಶುಲ್ಕದ ಮೇಲಿನ ಶೇ. 18ರ ಮರುಪರಿಶೀಲನೆ, ಅಂಗನವಾಡಿಯ ಹಣಕ್ಕೆ ಕೈ ಹಚ್ಚಬಾರದು, ಅಲ್ಲಿನ ಆಹಾರದ ದರವನ್ನು ಪ್ರತ್ಯೇಕವಾಗಿ ಏರಿಸಬೇಕು. ಮೂರೂ ತಾಲ್ಲೂಕುಗಳ ಠರಾವನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಧಾರಾಶಿವ, ಲಾತೂರದ ಸಂಸದರಿಗೆ ಕೊಡಿ. ಒಂದು ಪ್ರತಿಯನ್ನು ಬೀದರ, ಕಲಬುರಗಿಯ ನೌಕರ ಸಂಘಗಳಿಗೂ ಕಳಿಸಿ, ಅವರ ತಾಲ್ಲೂಕುಗಳಿಂದಲೂ ಇದೇ ಠರಾವು ಹೋಗಲಿ. ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ ಮಂಡನೆಯಾಗುವುದರಿಂದ ದೀಪಾವಳಿಯ ರಜೆ ಮುಗಿಯುವುದರೊಳಗೆ ಇದು ಕೈಸೇರಬೇಕು.

ಇತಿ ನಿಮ್ಮ ವಿಶ್ವಾಸಿ,
ಗಡಿಭಾಗದ ಒಬ್ಬ ಕನ್ನಡ ಲೇಖಕ